ಬಗ್ಗಿ ನಾಣ್ಯ ಎತ್ತಲಾಗದ ಇಬ್ಬರು

ಕೋಲಾರ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ, ಜಿಲ್ಲೆಯ ವೈದ್ಯರಿಗೆ ಮತ್ತು ಸೊಂಟ ಹಿಡಿದುಕೊಂಡು ಓಡಾಡುವ ಎಲ್ಲರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮ್ಮ ಕಡೆ ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿದವರಿಗೆ ನಾಣ್ಯದ ಪರೀಕ್ಷೆ ಗೊತ್ತೇ ಇರುತ್ತದೆ. ನೆಲದ ಮೇಲೆ ಒಂದು ನಾಣ್ಯ ಇಟ್ಟು, ಮಂಡಿ ಮಡಚದೆ ಎತ್ತಿಕೊಳ್ಳಿ ಅನ್ನುವುದು. ಎತ್ತಲಾಗದಿದ್ದರೆ, ಗದ್ದ ಎದೆಗೆ ತಾಗದಿದ್ದರೆ, ಕೈ ಮಡಚಿ ತಲೆಯ ಹಿಂದೆ ಮುಟ್ಟಲಾಗದಿದ್ದರೆ ಫ್ಲೋರೋಸಿಸ್, ಅಂದರೆ ನೀರಿನ ಫ್ಲೋರೈಡ್ ಹೆಚ್ಚಾಗಿ ಹಲ್ಲು, ಮೂಳೆ ಕೆಡುವ ಕಾಯಿಲೆ ಇರಬಹುದು ಎಂದು ಅನುಮಾನಿಸುವುದು. ವರ್ಷವಿಡೀ ಹರಿಯುವ ನದಿಯಿಲ್ಲದ, ಬೋರ್‌ವೆಲ್ ನೀರು ಕುಡಿದು ಬೆಳೆದ ಜಿಲ್ಲೆಗೆ ಇದಕ್ಕಿಂತ ಅಗ್ಗದ ಪರೀಕ್ಷೆ ಬೇರೆ ಸಿಗುವುದಿಲ್ಲ.

ಕಳೆದ ವರ್ಷ ಒಂದೇ ವಾರದಲ್ಲಿ ಇಬ್ಬರು ನನ್ನ ಕೋಣೆಯಲ್ಲಿ ಆ ನಾಣ್ಯ ಎತ್ತಲಾಗದೆ ನಿಂತರು. ನಾನು ಫಿಸಿಯೋಥೆರಪಿಸ್ಟ್. ಊರಿನವರ ಬಾಯಲ್ಲಿ ‘ಕರೆಂಟ್ ಕೊಡೋ ಮೇಡಂ’. ಇಬ್ಬರ ಗುರುತೂ ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಮೊದಲನೆಯವರು ಐವತ್ತೈದರ ಆಸುಪಾಸಿನ ರೈತ. ಹಲ್ಲಿನ ಮೇಲೆ ಕಂದು ಪಟ್ಟೆ. ಪಕ್ಕದಲ್ಲಿ ಯಾರಾದರೂ ಕರೆದರೆ ಕತ್ತು ತಿರುಗಿಸದೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದರು. ಮಲಗಿಸಿದಾಗಲೂ ಬೆನ್ನು ಮರದ ಹಲಗೆಯ ಹಾಗೆ ಇತ್ತು. ಮುಂದೋಳಿನ ಎಕ್ಸ್‌ರೇ ಮಾಡಿಸಿದರೆ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿದ್ದು ಕಾಣುತ್ತಿತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸಾಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಅನ್ನುತ್ತದೆ ನಮ್ಮ ದೇಶದ ಮಾನದಂಡ. ಅವರ ಮೂಳೆ ಆ ಲೆಕ್ಕವನ್ನೆಲ್ಲ ಯಾವಾಗಲೋ ದಾಟಿಬಿಟ್ಟಿತ್ತು.

ಎರಡನೆಯವರು ನಲವತ್ತು ತುಂಬದ ಹೆಂಗಸು. ಟೊಮೆಟೊ ಕೀಳುವ ಕೂಲಿ. ಹದಿನಾಲ್ಕು ತಿಂಗಳಿಂದ ಕೆಲಸಕ್ಕೆ ಹೋಗಿಲ್ಲ, ಸೊಂಟದ ಬೆಲ್ಟು ಬಿಚ್ಚಿಲ್ಲ, ರಾತ್ರಿ ಮಲಗುವಾಗಲೂ. ನಾಣ್ಯ ತೋರಿಸಿದ ಕೂಡಲೇ ಉಸಿರು ಹಿಡಿದರು, ಎರಡೂ ಕೈ ತೊಡೆಯ ಮೇಲೆ ಊರಿದರು, ಮಂಡಿಯವರೆಗೆ ಬಂದು ನಿಂತುಬಿಟ್ಟರು. ಹಣೆಯಲ್ಲಿ ಬೆವರು. ಸರಿ, ಮಂಚದ ಮೇಲೆ ಕಾಲು ಚಾಚಿ ಕೂತ್ಕೊಳ್ಳಮ್ಮ ಅಂದೆ. ಕೂತರು. ಎಂಆರ್‌ಐ ಫಿಲಂ ಇದ್ದ ಪ್ಲಾಸ್ಟಿಕ್ ಕವರನ್ನು ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡಿದ್ದರು. ಮಾತಾಡುತ್ತಾ ಇರುವಾಗ ಅದು ಜಾರಿ ಪಾದದ ಹತ್ತಿರ ಹೋಯಿತು. ಬೀಳಬಾರದಲ್ಲ, ಎಂಟು ಸಾವಿರ ಕೊಟ್ಟು ತೆಗೆಸಿದ್ದು! ತಟಕ್ಕನೆ ಮುಂದೆ ಬಾಗಿ ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಗ ಬೆರಳು ಪಾದದ ತುದಿ ಮುಟ್ಟಿತ್ತು.

‘ನೋಡಿದಿರಾ, ನಾಟಕ’ ಎಂದು ಇಂಥ ಗಳಿಗೆಯಲ್ಲಿ ಹೇಳುವವರನ್ನು ನಾನು ಕಂಡಿದ್ದೇನೆ. ನಾಟಕವಲ್ಲ. ನಾಣ್ಯ ಎತ್ತುವಾಗ ಅವರು ಬಾಗಲು ಹೊರಟಿದ್ದರು, ಕವರು ಹಿಡಿಯುವಾಗ ಬಾಗುತ್ತಿದ್ದೇನೆಂಬುದು ಅವರಿಗೆ ಗೊತ್ತೇ ಆಗಲಿಲ್ಲ. ಅಡ್ಡ ನಿಂತದ್ದು ಭಯ. ಯಾವ ಭಯ ಅಂತ ಹದಿನಾಲ್ಕು ತಿಂಗಳಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ.

ನಾನು ಕೇಳಿದೆ. ‘ಬಗ್ಗಿದರೆ ಏನಾಗುತ್ತೆ ಅಂತ ನಿನ್ನ ಮನಸ್ಸಿನಲ್ಲಿ?’

‘ಒಳಗಿರೋ ಬಿಲ್ಲೆ ಅರ್ಧ ಈಚೆ ಬಂದಿದೆಯಂತೆ ಮೇಡಂ. ಬಗ್ಗಿದರೆ ಪೂರ್ತಿ ಕಿತ್ತುಕೊಂಡು ಬರುತ್ತೆ. ಆಮೇಲೆ ಕಾಲು ಬಿದ್ದೋಗುತ್ತೆ.’

‘ಡಿಸ್ಕ್ ಹೊರಗೆ ಬಂದಿದೆ, ಬಗ್ಗಬೇಡ’ ಅಂತ ಯಾರೋ ಎರಡು ವಾಕ್ಯದಲ್ಲಿ ಹೇಳಿ ಕಳಿಸಿದ್ದರು. ಹೇಳಿದವರು ಒಳ್ಳೆಯದಕ್ಕೇ ಹೇಳಿದ್ದು. ಆದರೆ ಡಿಸ್ಕ್ ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಎಂದು ತಿಳಿಯದೆ, ಹಳೇ ಸಿಡಿ ಪ್ಲೇಯರಿನ ತಟ್ಟೆ ಎಂದುಕೊಂಡ ಹೆಂಗಸಿಗೆ ಆ ಎರಡು ವಾಕ್ಯ ಏನು ಮಾಡಿತು ನೋಡಿ. ಗಂಡ ಬಿಂದಿಗೆ ಹೊತ್ತರು. ಮಗಳು ಪಿಯುಸಿ ಬಿಟ್ಟು ಅಡುಗೆಗೆ ನಿಂತಳು. ಅತ್ತೆ ಮೊದಲ ಸಲ ಸೊಸೆಗೆ ‘ಮಲಕ್ಕೋ ತಾಯಿ’ ಅಂದರು. ಮನೆಯವರ ಅಕ್ಕರೆಯೇ ಅವರನ್ನು ಮಂಚಕ್ಕೆ ಕಟ್ಟಿಹಾಕಿತ್ತು. ಮಲಗಿದಷ್ಟೂ ಬೆನ್ನಿನ ಸ್ನಾಯು ಸೋತವು. ಸೋತ ಬೆನ್ನು ಎದ್ದಾಗ ಇನ್ನಷ್ಟು ನೋಯಿತು. ನೋವು ಹೆಚ್ಚಿತಲ್ಲ, ಬಿಲ್ಲೆ ಇನ್ನೂ ಸ್ವಲ್ಪ ಈಚೆ ಬಂದಿರಬೇಕು ಎಂದು ಭಯ ಬಲಿಯಿತು. ಈ ಸುತ್ತನ್ನು ಬೆಲ್ಜಿಯಂನ ಯೋಹಾನ್ ವ್ಲಾಯನ್ ಮತ್ತು ಸ್ವೀಡನ್ನಿನ ಸ್ಟೀವನ್ ಲಿಂಟನ್ ಎಂಬ ಇಬ್ಬರು ಮನೋವಿಜ್ಞಾನಿಗಳು 2000ದಲ್ಲಿ ಚೆನ್ನಾಗಿ ವಿವರಿಸಿದ್ದಾರೆ. ಅವರ ಬರಹ ಓದುವಾಗ ನನಗೆ ಮುಳಬಾಗಿಲು ರಸ್ತೆಯ ಮನೆಗಳೇ ಕಣ್ಣಿಗೆ ಬರುತ್ತವೆ.

ಫಿಲಮ್ಮಿನಲ್ಲಿ ಇದ್ದದ್ದಾದರೂ ಏನು? ಎರಡು ಕಡೆ ಡಿಸ್ಕ್ ಸ್ವಲ್ಪ ಉಬ್ಬಿತ್ತು, ಒಂದು ಕಡೆ ನೀರಿನಂಶ ಕಡಿಮೆಯಾಗಿತ್ತು. ಸೊಂಟ ನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದ ಹಲವು ಅಧ್ಯಯನಗಳನ್ನು ಸಂಶೋಧಕರು 2015ರಲ್ಲಿ ಒಟ್ಟುಗೂಡಿಸಿ ನೋಡಿದರು. ಒಟ್ಟು 3110 ಜನ. ನಲವತ್ತರ ವಯಸ್ಸಿನವರಲ್ಲಿ ನೂರಕ್ಕೆ 68 ಮಂದಿಗೆ ಡಿಸ್ಕ್ ಸವೆದಿತ್ತು, 50 ಮಂದಿಗೆ ಉಬ್ಬಿತ್ತು. ಇಪ್ಪತ್ತರವರಲ್ಲೇ ನೂರಕ್ಕೆ 37 ಮಂದಿಗೆ ಸವೆತ. ಅಂದರೆ ತಲೆಯ ನರೆಗೂದಲಿನ ಹಾಗೆ ಇದು. ಈ ಮಾತನ್ನು ಎಂಆರ್‌ಐ ವರದಿಯ ಕೆಳಗೆ ಒಂದು ಸಾಲು ಕನ್ನಡದಲ್ಲಿ ಅಚ್ಚು ಹಾಕಿಸಿದರೆ ನಿಮ್ಮ ಇಲಾಖೆಗೆ ಶಾಯಿಯ ಖರ್ಚಷ್ಟೇ.

ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ ಮಾತ್ರ ಅಲ್ಲ. ಮೂರು ತಿಂಗಳು ದಾಟಿದ ಸೊಂಟ ನೋವನ್ನು ನಾವು ಪರೀಕ್ಷೆ ಮಾಡುವ ಕ್ರಮದಲ್ಲೇ ಒಂದು ಭಾಗ ಬಿಟ್ಟುಹೋಗಿದೆ. ಎಲ್ಲಿ ನೋವು, ಕಾಲಿಗೆ ಇಳಿಯುತ್ತಾ, ಜೋಮು ಇದೆಯಾ ಎಂದು ಕೇಳುತ್ತೇವೆ. ಈ ನೋವಿನ ಬಗ್ಗೆ ಏನು ಅಂದುಕೊಂಡಿದ್ದೀಯ, ಏನೇನು ಕೆಲಸ ಬಿಟ್ಟಿದ್ದೀಯ, ನಿದ್ದೆ ಹೇಗಿದೆ, ಮನೆಯಲ್ಲಿ ಏನಾಗ್ತಿದೆ ಎಂದು ಕೇಳುವುದಿಲ್ಲ. ಕೇಳಿದರೂ ಅದು ಲೋಕಾಭಿರಾಮದ ಮಾತಾಗುತ್ತದೆ, ಚೀಟಿಯ ಮೇಲೆ ಬರುವುದಿಲ್ಲ. 1997ರಲ್ಲಿ ನ್ಯೂಜಿಲೆಂಡಿನವರು ಇಂಥ ಸಂಗತಿಗಳಿಗೆ ‘ಹಳದಿ ಬಾವುಟ’ ಅಂತ ಹೆಸರಿಟ್ಟರು. ಗಡ್ಡೆ, ಸೋಂಕು, ಮೂಳೆ ಮುರಿತದಂಥ ಅಪಾಯದ ಗುರುತುಗಳು ಕೆಂಪು ಬಾವುಟವಾದರೆ, ನೋವನ್ನು ವರ್ಷಗಟ್ಟಲೆ ಎಳೆಯುವ ಭಯ, ನಿರಾಶೆ, ತಪ್ಪು ತಿಳಿವಳಿಕೆ, ಕೆಲಸ ಬಿಡುವಿಕೆ ಇವೆಲ್ಲ ಹಳದಿ. ಯಾರ ನೋವು ಹಳತಾಗಿ ಉಳಿಯಬಹುದು ಎಂದು ಊಹಿಸಲು ಹಲವು ಸಲ ಸ್ಕ್ಯಾನಿಗಿಂತ ಇವೇ ಹೆಚ್ಚು ನೆರವಾಗುತ್ತವೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಹೇಳದೆ ಮುಂದೆ ಹೋದರೆ ಈ ಪತ್ರಕ್ಕೆ ಅರ್ಥವಿಲ್ಲ.

ಹದಿನಾಲ್ಕು ವರ್ಷದ ಹಿಂದೆ, ಬೇರೊಂದು ಕಡೆ ಕೆಲಸ ಮಾಡುತ್ತಿದ್ದಾಗ, ಇದನ್ನೆಲ್ಲ ಹೊಸದಾಗಿ ಓದಿಕೊಂಡ ಹುರುಪಿನಲ್ಲಿದ್ದೆ. ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ ಹಾಗೆ, ಕಂಡವರ ಮನಸ್ಸನ್ನೆಲ್ಲ ಒಗೆಯಲು ಹೊರಟಿದ್ದೆ. ಒಬ್ಬ ಬಂದ. ಬೆಳೆ ಹೋಗಿತ್ತು, ತಂಗಿಯ ಮದುವೆ ಮುಂದಿತ್ತು, ನಿದ್ದೆಯಿಲ್ಲ ಅಂದ. ನನಗೆ ಅಷ್ಟೇ ಸಾಕಾಯಿತು. ಟೆನ್ಷನ್ನಿಂದ ಹೀಗಾಗಿದೆ, ನಡೆದಾಡು, ಸರಿಹೋಗುತ್ತೆ ಎಂದು ಕಳಿಸಿದೆ. ಸಂಜೆ ಹೊತ್ತು ಜ್ವರ ಬರುತ್ತಾ, ತೂಕ ಇಳಿದಿದೆಯಾ ಎಂದು ಕೇಳಲಿಲ್ಲ. ಎರಡು ತಿಂಗಳಲ್ಲಿ ಕಾಲಿನ ಬಲ ಕುಂದಿ ಅವನನ್ನು ಬೆಂಗಳೂರಿಗೆ ಸಾಗಿಸಿದರು. ಬೆನ್ನುಮೂಳೆಯ ಕ್ಷಯ. ಔಷಧಿಯಿಂದ ಎದ್ದು ನಡೆದ, ಅದು ಅವನ ಅದೃಷ್ಟ, ನನ್ನದೂ ಹೌದು. ಈಗಲೂ ಯಾರಾದರೂ ‘ಟೆನ್ಷನ್’ ಅಂದರೆ ನನಗೆ ಅವನ ಗುಳಿಬಿದ್ದ ಕೆನ್ನೆ ನೆನಪಾಗುತ್ತದೆ.

ಹಾಗಾಗಿ ಮನಸ್ಸನ್ನು ವಿಚಾರಿಸುವವರು ಮೊದಲು ಮೈಯನ್ನು ವಿಚಾರಿಸಿರಬೇಕು. ಸಂಜೆ ಜ್ವರ, ಕಾರಣವಿಲ್ಲದೆ ಇಳಿದ ತೂಕ, ಹಿಂದೆ ಕ್ಯಾನ್ಸರ್ ಆಗಿದ್ದು, ಬಿದ್ದ ಪೆಟ್ಟು, ದಿನದಿನಕ್ಕೆ ಸೋಲುವ ಕಾಲು. ಕೂರುವ ಜಾಗ ಮರಗಟ್ಟಿ ಮೂತ್ರ ಕಟ್ಟಿದರೆ ಅವತ್ತು ರಾತ್ರಿಯೇ ದೊಡ್ಡ ಆಸ್ಪತ್ರೆ. ನಮ್ಮ ಜಿಲ್ಲೆಯಲ್ಲಿ ಇದರ ಜೊತೆ ಇನ್ನೊಂದು ಸೇರಿಸಬೇಕು: ಯಾವ ನೀರು ಕುಡಿಯುತ್ತೀರಿ, ಹಲ್ಲು ತೋರಿಸಿ. ಆ ರೈತರಿಗೆ ಭಯ ಬಿಡಿಸುವ ಮಾತು ಹೇಳುತ್ತಾ ಕೂತಿದ್ದರೆ ಅದಕ್ಕಿಂತ ಅನ್ಯಾಯ ಇರಲಿಲ್ಲ. ಹೊರದೇಶದ ಪ್ರಶ್ನಾವಳಿಯಲ್ಲಿ ಈ ಪ್ರಶ್ನೆ ಇರುವುದಿಲ್ಲ. ಅವರ ಊರಲ್ಲಿ ನಮ್ಮ ನೀರಿಲ್ಲ.

ಪ್ರಶ್ನಾವಳಿಗಳ ವಿಷಯಕ್ಕೆ ಬರುತ್ತೇನೆ. ಬಹಳ ಇವೆ. ಚಲನೆಯ ಭಯ ಅಳೆಯಲು 17 ಪ್ರಶ್ನೆಯದ್ದು, ನೋವನ್ನು ಬೆಟ್ಟ ಮಾಡಿಕೊಳ್ಳುವ ಮನಸ್ಸನ್ನು ಅಳೆಯಲು 13 ಪ್ರಶ್ನೆಯದ್ದು. ಹೊರರೋಗಿ ವಿಭಾಗದ ಸಾಲಿನಲ್ಲಿ ಅವಕ್ಕೆಲ್ಲ ಹೊತ್ತೆಲ್ಲಿ? ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದವರು ಮಾಡಿದ ‘ಸ್ಟಾರ್ಟ್ ಬ್ಯಾಕ್’ ಒಂದು ಪುಟದ್ದು, ಒಂಬತ್ತೇ ಪ್ರಶ್ನೆ. ಮೊದಲ ನಾಲ್ಕು ಮೈಗೆ ಸಂಬಂಧಿಸಿದವು. ಉಳಿದ ಐದು ಭಯ, ಚಿಂತೆ, ಇನ್ನು ವಾಸಿಯಾಗದು ಎಂಬ ಹತಾಶೆ, ಯಾವುದರಲ್ಲೂ ಸಂತೋಷ ಇಲ್ಲದಿರುವುದು, ನೋವಿನ ಕಾಟ ಎಷ್ಟು ಎಂಬುದು. ಆ ಐದರಲ್ಲಿ ನಾಲ್ಕೋ ಐದೋ ಅಂಕ ಬಂದರೆ ಹೆಚ್ಚಿನ ಕಾಳಜಿ ಬೇಕಾದವರು ಅಂತ. ಒಟ್ಟು ಅಂಕ ಮೂರು ದಾಟದವರಿಗೆ ಧೈರ್ಯದ ಮಾತು, ನಡೆದಾಡಲು ಸಲಹೆ, ಬೇಕಾದರೆ ಮಾತ್ರೆ. ಹೀಗೆ ವಿಂಗಡಿಸಿ ಚಿಕಿತ್ಸೆ ಕೊಟ್ಟರೆ ಪ್ರಯೋಜನ ಹೆಚ್ಚು ಎಂದು ಅವರು 2011ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದರು. ಪವಾಡವೇನಲ್ಲ, ಒಂದು ಮಟ್ಟದ ಪ್ರಯೋಜನ. ಅವರ ಅಂಕದ ಗೆರೆ ನಮ್ಮವರಿಗೂ ಅಲ್ಲೇ ಬೀಳುತ್ತದೆಂದು ಪರೀಕ್ಷಿಸದೆ ನಂಬಬಾರದು. ಆ ಕೆಲಸಕ್ಕೆ ಜಿಲ್ಲೆಯಲ್ಲಿ ವೈದ್ಯಕೀಯ ಕಾಲೇಜು ಇದೆ, ಸ್ನಾತಕೋತ್ತರ ವಿದ್ಯಾರ್ಥಿಗಳಿದ್ದಾರೆ, ಅವರಿಗೆ ಪ್ರಬಂಧದ ವಿಷಯವೂ ಬೇಕು.

ಅದಕ್ಕಿಂತ ಮೊದಲು ಭಾಷೆ. ಕೋಲಾರದ ಮಂದಿ ನೋವನ್ನು ಕನ್ನಡ, ತೆಲುಗು ಎರಡು ಭಾಷೆಯಲ್ಲಿ ಅನುಭವಿಸುತ್ತಾರೆ. ಕೌಂಟರಿನಲ್ಲಿ ‘ಸೊಂಟ ನೋವು’ ಅಂದವರು ನನ್ನೆದುರು ಕೂತು ಹತ್ತು ನಿಮಿಷವಾದ ಮೇಲೆ ‘ನಡುಮು ನೊಪ್ಪಿ’ ಅನ್ನುತ್ತಾರೆ. ಆಮೇಲೆಯೇ ನಿಜ ಬರುವುದು. ‘ನನ್ನ ಸ್ಥಿತಿಯಲ್ಲಿರುವ ವ್ಯಕ್ತಿಗೆ ದೈಹಿಕ ಚಟುವಟಿಕೆ ಸುರಕ್ಷಿತವಲ್ಲ’ ಎಂಬ ಪುಸ್ತಕದ ಕನ್ನಡವನ್ನು ಓದಿ ಹೇಳಿದರೆ ಹೂಂ ಅಂದುಬಿಡುತ್ತಾರೆ, ಉಹೂಂ ಅನ್ನುವುದೂ ಅಷ್ಟೇ ಸುಲಭ. ‘ಈ ಸೊಂಟ ಇಟ್ಕೊಂಡು ಕೆಲಸ ಮಾಡಿದರೆ ಏನಾದರೂ ಆಗಿಬಿಡುತ್ತೆ ಅನಿಸುತ್ತಾ?’ ಅಂದರೆ ಮುಖ ಬದಲಾಗುತ್ತದೆ. ‘ಇನ್ನು ಈ ಜನ್ಮಕ್ಕೆ ಇದು ಹೋಗಲ್ಲ ಅನಿಸಿಬಿಟ್ಟಿದೆಯಾ?’ ಅಂದರೆ ಕೆಲವರು ಅಳುತ್ತಾರೆ. ಎಂಟನೆಯ ಪ್ರಶ್ನೆ ಮಾತ್ರ ನನಗೆ ಇನ್ನೂ ಒಲಿದಿಲ್ಲ: ಮೊದಲು ಖುಷಿ ಕೊಡುತ್ತಿದ್ದವು ಈಗ ಕೊಡುತ್ತಿಲ್ಲವೇ ಎಂಬುದು. ‘ನಮಗೆಂಥ ಖುಷಿ ಮೇಡಂ’ ಎಂದು ನಕ್ಕುಬಿಡುತ್ತಾರೆ, ಸೊಂಟ ನೋವು ಇಲ್ಲದವರೂ.

ಇನ್ನೂ ಒಂದು. ಅತ್ತೆಯೋ ಗಂಡನೋ ಪಕ್ಕದಲ್ಲಿ ನಿಂತಿರುವಾಗ ಈ ಪ್ರಶ್ನೆ ಕೇಳುವುದೂ ಒಂದೇ, ಬಿಡುವುದೂ ಒಂದೇ.

ಟೊಮೆಟೊ ಕೂಲಿಯ ಆ ಹೆಂಗಸಿಗೆ ಮನೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ನೋವು ಜಾಸ್ತಿಯಾದ ದಿನಕ್ಕೆ ಕುಂಕುಮದ ಬೊಟ್ಟು ಇಡಲು ಹೇಳಿದ್ದೆ. ಮುಂದಿನ ತಿಂಗಳು ಆ ಹಾಳೆ ಹರಿದು ತಂದರು. ಬೊಟ್ಟೆಲ್ಲ ಮಂಗಳವಾರ, ಬುಧವಾರದ ಸುತ್ತ ಮುತ್ತಿಕೊಂಡಿದ್ದವು. ಬುಧವಾರ ಏನು ವಿಶೇಷ ಎಂದೆ. ತುಂಬಾ ಹೊತ್ತು ನೆಲ ನೋಡಿದರು. ಬುಧವಾರ ಬೆಳಿಗ್ಗೆ ಸಂಘದ ಸಾಲದ ಕಂತು. ಮಂಗಳವಾರ ರಾತ್ರಿ ನಿದ್ದೆ ಇಲ್ಲ. ನಿದ್ದೆಗೆಟ್ಟ ನರಮಂಡಲ ಸಣ್ಣ ನೋವನ್ನೂ ದೊಡ್ಡದು ಮಾಡಿ ಹೇಳುತ್ತದೆ, ಬಿಗಿದ ಸ್ನಾಯು ಅದಕ್ಕೆ ದನಿಗೂಡಿಸುತ್ತದೆ. ಎಂಟು ಸಾವಿರದ ಫಿಲಂ ಹೇಳದ್ದನ್ನು ಕುಂಕುಮ ಹೇಳಿತು.

ಹಾಗೆಂದು ಅವರಿಗೆ ‘ಮಾನಸಿಕ’ ಅಂತ ಚೀಟಿ ಬರೆಯುವುದು ನ್ಯಾಯವೇ? ಇಲ್ಲಿ ನಾನು ಪುಸ್ತಕಗಳಿಂದ ಸ್ವಲ್ಪ ದೂರ ನಿಲ್ಲುತ್ತೇನೆ. ಸಾಲ ಒಂದು ಕಾಯಿಲೆಯಲ್ಲ. 15 ಕೆಜಿಯ ಟೊಮೆಟೊ ಬಾಕ್ಸನ್ನು ಎಪಿಎಂಸಿಯಲ್ಲಿ ಬೆಳಗಿನ ಜಾವದಿಂದ ಹೊರುವ ಹುಡುಗನಿಗೆ ‘ಹಗುರ ಕೆಲಸ ಮಾಡು’ ಎಂದು ನಾವು ಬರೆದುಕೊಡುತ್ತೇವಲ್ಲ, ಆ ಹಗುರ ಕೆಲಸ ಯಾವ ಮಂಡಿಯಲ್ಲಿದೆ? ಸೀಸನ್ನಿನಲ್ಲಿ ನೋವು ನುಂಗಿ ಮೂರು ದಿನದ ಕೆಲಸ ಒಂದೇ ದಿನ ಎಳೆದು, ಆಮೇಲೆ ನಾಲ್ಕು ದಿನ ಮಲಗುವುದು ಅವನ ‘ವರ್ತನೆಯ ದೋಷ’ ಎಂದು ಗುರುತು ಹಾಕಿಕೊಳ್ಳಬಹುದು. ಆದರೆ ಅದು ದಿನಗೂಲಿಯ ಲೆಕ್ಕವೂ ಹೌದು. ಪ್ರಶ್ನೆ ಕೇಳುವುದು ಎಲ್ಲಿ ಕೈ ಹಾಕಬಹುದು ಎಂದು ತಿಳಿಯಲು. ಅವನನ್ನು ಯಾವುದೋ ಖಾನೆಗೆ ಹಾಕಲು ಅಲ್ಲ. ಸ್ಕಾಟ್ಲೆಂಡಿನ ಗಾರ್ಡನ್ ವಾಡೆಲ್ ಎಂಬ ಮೂಳೆತಜ್ಞ 1980ರಲ್ಲಿ ಸೊಂಟದ ಪರೀಕ್ಷೆಯಲ್ಲಿ ಕಾಣುವ ಕೆಲವು ವರ್ತನೆಯ ಗುರುತುಗಳನ್ನು ವಿವರಿಸಿದ. ಕೂತಾಗ ಚಾಚುವ ಕಾಲು ಮಲಗಿದಾಗ ಏಳುವುದಿಲ್ಲ, ಅಂಥವು. ಈ ರೋಗಿಯ ಮನಸ್ಸಿನ ಕಡೆಗೂ ನೋಡಿ ಎಂದು ಹೇಳಲು ಅವನು ಕೊಟ್ಟದ್ದನ್ನು, ರೋಗಿ ಸುಳ್ಳುಗಾರ ಎಂದು ಸಾಬೀತು ಮಾಡಲು ಜನ ಬಳಸಿದರು. ಅದು ತಪ್ಪು ಎಂದು ಅವನೇ 1998ರಲ್ಲಿ ಮನೋವಿಜ್ಞಾನಿ ಕ್ರಿಸ್ ಮೇನ್ ಜೊತೆ ಸೇರಿ ಮತ್ತೆ ಬರೆಯಬೇಕಾಯಿತು. ಪರಿಹಾರ, ರಜೆ, ವಿಮೆಯ ಕಡತಗಳಿಗೆ ಈ ಪ್ರಶ್ನಾವಳಿ ಯಾವತ್ತೂ ಹೋಗಬಾರದು ಎಂದು ನಿಮ್ಮ ಸುತ್ತೋಲೆಯಲ್ಲೇ ಬರೆದುಬಿಡಿ.

ಹೊಸ ಯೋಜನೆ ಬೇಡ. ಗೃಹ ಆರೋಗ್ಯ ಯೋಜನೆ 2024ರಲ್ಲಿ ಮೊದಲು ಶುರುವಾದದ್ದೇ ನಮ್ಮ ಕೋಲಾರದಲ್ಲಿ. ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡುವವರು ನಮ್ಮಲ್ಲಿ ಇದ್ದಾರೆ. ಮೂವತ್ತು ದಾಟಿದವರಿಗೆ ಆಶಾ ಕಾರ್ಯಕರ್ತೆಯರು ತುಂಬುವ ನಮೂನೆಯಲ್ಲಿ ಮನಸ್ಸಿನ ಬಗ್ಗೆ ಎರಡು ಪ್ರಶ್ನೆ ಆಗಲೇ ಇವೆ: ಕಳೆದ ಎರಡು ವಾರದಲ್ಲಿ ಆಸಕ್ತಿ ಕುಂದಿದೆಯೇ, ಮನಸ್ಸು ಕುಗ್ಗಿದೆಯೇ ಎಂದು. ಅದೇ ಭೇಟಿಯಲ್ಲಿ ‘ಸೊಂಟ ನೋವು ಮೂರು ತಿಂಗಳು ದಾಟಿದೆಯಾ, ಅದಕ್ಕಾಗಿ ಏನೇನು ಬಿಟ್ಟಿದ್ದೀರಿ’ ಎಂದು ಕೇಳಿ ಎರಡನ್ನೂ ಜೋಡಿಸಿ ನೋಡಲಿ. ಕೆಂಪು ಗುರುತು ನೋಡುವುದನ್ನು, ನೀರು, ಹಲ್ಲು, ನಾಣ್ಯ ನೋಡುವುದನ್ನು ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯಾಧಿಕಾರಿಗಳಿಗೆ ಒಂದು ದಿನ ಕೂರಿಸಿ ಹೇಳಿಕೊಟ್ಟರೆ ಸಾಕು. ಒಂಬತ್ತು ಪ್ರಶ್ನೆ ತಾಲ್ಲೂಕು ಆಸ್ಪತ್ರೆಯಲ್ಲಿ.

ಎಲ್ಲರನ್ನೂ ಮನೋವೈದ್ಯರ ಬಳಿ ಕಳಿಸಬೇಕಿಲ್ಲ. ಕಳಿಸಿದರೆ ‘ಸೊಂಟ ನೋವು ಅಂದ್ರೆ ಹುಚ್ಚಿನ ಡಾಕ್ಟ್ರತ್ರ ಕಳಿಸ್ತಾರೆ’ ಎಂಬ ಮಾತು ಸಂತೆಯಲ್ಲಿ ಹಬ್ಬುತ್ತದೆ, ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಬಹುಪಾಲು ಮಂದಿಗೆ ಬೇಕಾದದ್ದು ಸರಿಯಾದ ವಿವರಣೆ, ಹಂತಹಂತವಾಗಿ ಕೆಲಸಕ್ಕೆ ಮರಳಿಸುವುದು, ಮನೆಯವರನ್ನು ಕೂರಿಸಿ ಮಾತಾಡುವುದು. ಮನಸ್ಸು ನಿಜವಾಗಿ ಕುಸಿದವರಿಗೆ, ಬದುಕೇ ಬೇಡ ಅನ್ನುವವರಿಗೆ ಮಾತ್ರ ತಡ ಮಾಡಬಾರದು. ಜಿಲ್ಲಾ ಮಾನಸಿಕ ಆರೋಗ್ಯ ತಂಡ ಇದೆ, ಸರ್ಕಾರದ ದೂರವಾಣಿ ನೆರವು ಟೆಲಿ ಮಾನಸ್‌ನ 14416 ಹಗಲೂ ರಾತ್ರಿಯೂ ಇದೆ. ವರ್ಷಗಟ್ಟಲೆ ನೋವು ತಿಂದವರಲ್ಲಿ ಆ ಯೋಚನೆ ಬರುವುದು ಅಪರೂಪವಲ್ಲ. ನೇರವಾಗಿ ಕೇಳಿದರೆ ಹೇಳುತ್ತಾರೆ.

ನನ್ನ ವೃತ್ತಿಯವರಿಗೂ ಒಂದು ಮಾತು. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೆಯ ಸೊಂಟ ನೋವಿಗೆ ಮಾರ್ಗಸೂಚಿ ತಂದಿತು. ತಿಳಿವಳಿಕೆ, ವ್ಯಾಯಾಮ, ಮನೋವೈಜ್ಞಾನಿಕ ನೆರವು ಕೊಡಿ ಎಂದಿತು. ಬೆಲ್ಟು ಬೇಡ, ಸೊಂಟ ಎಳೆಯುವ ಟ್ರಾಕ್ಷನ್ ಬೇಡ ಎಂದಿತು. ನನ್ನ ಕೋಣೆಯ ಟ್ರಾಕ್ಷನ್ ಮಂಚ ಈಗ ಟವೆಲ್ ಒಣಹಾಕಲು ಬರುತ್ತದೆ. ಆದರೆ ಕರೆಂಟ್ ಕೊಡುವುದನ್ನು ಪೂರ್ತಿ ಬಿಟ್ಟಿದ್ದೇನೆ ಎಂದರೆ ಸುಳ್ಳಾಗುತ್ತದೆ. ಕರೆಂಟ್ ಇಲ್ಲದಿದ್ದರೆ ಜನ ಬರುವುದಿಲ್ಲ, ಬಂದ ಮೇಲಲ್ಲವೇ ಮಾತು. ನಮ್ಮೂರಲ್ಲಿ ಕಾಲು ಮುಂದಾಗಿ ಹುಟ್ಟಿದವರ ಕೈಲಿ ಸೊಂಟ ತುಳಿಸಿಕೊಳ್ಳುವುದು ಇವತ್ತಿಗೂ ಇದೆ. ನಗುವವರು ನಗಲಿ. ತುಳಿಯುವ ಮೊದಲು ಆ ಅಜ್ಜ ಏನೆತ್ತುತ್ತಿದ್ದೆ, ಯಾವಾಗ ಉಳುಕಿತು, ಮನೆಯಲ್ಲಿ ಯಾರ್ಯಾರಿದ್ದಾರೆ, ಮಳೆ ಆಯ್ತಾ ಎಂದು ಕೇಳುವುದನ್ನು ನಾನು ಕಂಡಿದ್ದೇನೆ. ನನ್ನ ಕೇಸ್ ಶೀಟಿನಲ್ಲಿ ಅಷ್ಟು ಪ್ರಶ್ನೆ ಇರಲಿಲ್ಲ.

ರೈತರನ್ನು ಫ್ಲೋರೋಸಿಸ್ ವಿಭಾಗಕ್ಕೆ ಕಳಿಸಿದ್ದೇವೆ. ಅವರ ಬೆನ್ನು ಮೊದಲಿನಂತಾಗುವುದಿಲ್ಲ, ಮನೆಯ ನೀರು ಬದಲಾಗಿದೆ. ಆ ಹೆಂಗಸು ಮೊದಲ ವಾರ ಮಂಚದ ಮೇಲೆ ಕೂತು ಪಾದದ ಹತ್ತಿರ ಕವರು ಇಡುವುದು, ತೆಗೆಯುವುದು ಅಷ್ಟೇ ಮಾಡಿದರು. ಆಮೇಲೆ ಮೊರ, ಆಮೇಲೆ ಅರ್ಧ ಬಿಂದಿಗೆ. ಮೂರನೇ ತಿಂಗಳು ಬೆಲ್ಟು ಬಿಚ್ಚಿ ಮಗಳ ಕೈಗೆ ಕೊಟ್ಟರಂತೆ. ಈಗ ಎರಡು ಗಂಟೆ ಕಿತ್ತು, ಹತ್ತು ನಿಮಿಷ ನೆರಳಿಗೆ ಬಂದು ಕೂತು, ಮತ್ತೆ ಹೋಗುತ್ತಾರೆ. ನೋವು ಹೋಗಿಲ್ಲ. ಕಂತೂ ಮುಗಿದಿಲ್ಲ.

ಒಂಬತ್ತು ಪ್ರಶ್ನೆಗಳನ್ನು ನಾವು ಆಡುವ ಮಾತಿನಲ್ಲಿ ಬರೆದ ಕರಡು ಒಂದನ್ನು ಈ ಪತ್ರದ ಜೊತೆ ನಿಮ್ಮ ಕಚೇರಿಗೆ ತಂದುಕೊಡುತ್ತೇನೆ, ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಕನ್ನಡ ಲಿಪಿಯಲ್ಲೇ ತೆಲುಗು. ಅಧಿಕೃತ ಅನುವಾದವಲ್ಲ, ಕೀಲ್‌ನವರ ಅನುಮತಿ ಕೇಳಿ ಸರಿಯಾಗಿ ಮಾಡಿಸಬೇಕಾದದ್ದು ನೀವು. ತೆಲುಗಿನ ಸಾಲುಗಳನ್ನು ಒಬ್ಬ ಆಶಾ ಕಾರ್ಯಕರ್ತೆ ಕೆಂಪು ಪೆನ್ನಿನಲ್ಲಿ ತಿದ್ದಿದ್ದಾರೆ. ಎಂಟನೇ ಪ್ರಶ್ನೆಯ ಜಾಗ ಎರಡು ಕಡೆಯೂ ಖಾಲಿ ಬಿಟ್ಟಿದ್ದೇವೆ. ನಿಮ್ಮ ಸಿಬ್ಬಂದಿಯಲ್ಲಿ ಯಾರಿಗಾದರೂ ಅದಕ್ಕೆ ಸರಿಯಾದ ಮಾತು ಹೊಳೆದರೆ ಬರೆದು ತುಂಬಲಿ.

ಇಂತಿ,
ಜಿಲ್ಲೆಯ ಒಬ್ಬ ಫಿಸಿಯೋಥೆರಪಿಸ್ಟ್